ವೈದ್ಯನಿಗೂ ನಿದ್ದೆ ಬರುತ್ತದೆ

ಸಂಘದ ಪತ್ರಿಕೆಗೆ ನಾನು ಬರೆದರೆ ಅದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಇಲ್ಲವೇ ಬೇಸಿಗೆಯಲ್ಲಿ ಎಷ್ಟು ನೀರು ಕುಡಿಯಬೇಕು, ಈ ಮೂರರಲ್ಲಿ ಒಂದು ಎಂದು ಸದಸ್ಯ ಬಂಧುಗಳಿಗೆ ಅಭ್ಯಾಸವಾಗಿಬಿಟ್ಟಿದೆ. ಈ ಬಾರಿಯೂ ಸಂಪಾದಕರು ಫೋನ್ ಮಾಡಿ, "ಡಾಕ್ಟ್ರೇ, ನಾಲ್ಕು ಪುಟ ಖಾಲಿ ಇದೆ, ಆರೋಗ್ಯದ ಬಗ್ಗೆ ಏನಾದರೂ ಕೊಡಿ" ಎಂದರು. ಕೊಡುತ್ತೇನೆ, ಆದರೆ ಈ ಸಲ ರೋಗಿಯನ್ನು ನೋಡಿಕೊಳ್ಳುವವರ ಆರೋಗ್ಯದ ಬಗ್ಗೆ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಆಗಲಿ, ಅದನ್ನೂ ಓದುವವರು ಇದ್ದಾರೆ" ಎಂದರು. ನಮ್ಮ ಸದಸ್ಯರ ಮನೆಗಳಲ್ಲಿ ಎಷ್ಟು ಮಂದಿ ನರ್ಸುಗಳಿದ್ದಾರೆ ಎಂಬುದು ಅವರಿಗೂ ಗೊತ್ತು.

ಸನದ್‌ನಲ್ಲಿ ನಮ್ಮ ಬೀದಿಯ ತುದಿಗೆ ಒಂದು ಹಳೆಯ ಕಟ್ಟಡವಿದೆ. ಅದರ ಎರಡು ಮಹಡಿಗಳಲ್ಲಿ ನರ್ಸುಗಳೇ ಬಾಡಿಗೆಗಿದ್ದಾರೆ. ನಾನು ಬೆಳಗಿನ ನಡಿಗೆ ಮುಗಿಸಿ, ಕೊಲ್ಲಿಯ ಕಡೆಯ ಕಾಂಡ್ಲಾ ಗಿಡಗಳ ಉಪ್ಪು ವಾಸನೆ ಇನ್ನೂ ಮೂಗಿನಲ್ಲಿರುವಾಗ, ಏಳೂವರೆಯ ಹೊತ್ತಿಗೆ ಅವರ ವ್ಯಾನು ಬಂದು ನಿಲ್ಲುತ್ತದೆ. ರಾತ್ರಿ ಏಳಕ್ಕೆ ಡ್ಯೂಟಿಗೆ ಹೋದವರು ಇಳಿಯುತ್ತಾರೆ. ಮೂರ್ನಾಲ್ಕು ಮಂದಿ ಇಳಿದ ಮೇಲೂ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ ಒಬ್ಬಳು ಒಳಗೇ ಇರುತ್ತಾಳೆ. ಡ್ರೈವರ್ ಹಾರ್ನ್ ಹೊಡೆಯುವುದಿಲ್ಲ. ಇಳಿದು ಹೋಗಿ ಗಾಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾನೆ. ಹನ್ನೆರಡು ಗಂಟೆಗಳಲ್ಲಿ ಆಕೆಯ ಬಗ್ಗೆ ಯಾರಾದರೂ ತೋರಿಸಿದ ಮೊದಲ ದಯೆ ಅದೇ ಇರಬಹುದೇನೋ ಎಂದು ನನಗೆ ಅನೇಕ ಸಲ ಅನಿಸಿದೆ.

ವೈದ್ಯ ಸಾಕ್ಷಾತ್ ನಾರಾಯಣ ಎನ್ನುವ ಮಾತು ನಮ್ಮಲ್ಲಿದೆ. ವೈದ್ಯ ಯಮನ ಅಣ್ಣ ಎನ್ನುವ ಗೇಲಿಯೂ ಇದೆ. ನಾರಾಯಣನಾದರೂ ಆಷಾಢದ ಶಯನಿ ಏಕಾದಶಿಗೆ ಮಲಗಿದವನು ಕಾರ್ತಿಕದ ಉತ್ಥಾನ ದ್ವಾದಶಿಗೆ ಏಳುತ್ತಾನೆ, ವರ್ಷಕ್ಕೆ ನಾಲ್ಕು ತಿಂಗಳ ನಿದ್ದೆ. ಯಮನಿಗೆ ರಜೆ ಇದ್ದಂತೆ ಕೇಳಿಲ್ಲ. ಆಸ್ಪತ್ರೆಗಳು ನಮಗೆ ಕೊಟ್ಟಿರುವುದು ನಾರಾಯಣನ ಹೆಸರು, ಯಮನ ಡ್ಯೂಟಿ. ರಾಜ್ಯೋತ್ಸವದ ಊಟದ ಸಾಲಿನಲ್ಲಿ ಬಾಳೆಎಲೆ ಹಿಡಿದು ನಿಂತಾಗಲೂ "ಡಾಕ್ಟ್ರೇ, ಒಂದೇ ನಿಮಿಷ" ಎಂದು ಸ್ಕ್ಯಾನ್ ರಿಪೋರ್ಟ್ ತೋರಿಸುವ ಬಂಧುಗಳ ಮೇಲೆ ನನಗೆ ಕೋಪವಿಲ್ಲ. (ಸ್ವಲ್ಪ ಇದೆ. ಪಾಯಸ ಮುಗಿದುಹೋದ ವರ್ಷ ಇತ್ತು.)

ಆದರೆ ಇದನ್ನು ವೈದ್ಯರ ಕಷ್ಟಸುಖದ ಅಹವಾಲು ಎಂದು ಓದಬಾರದು. ದಣಿದ ಕೈಯಿಂದ ತಪ್ಪಾದರೆ ಆ ತಪ್ಪು ಯಾರದು? ನಾನು ಇಪ್ಪತ್ತೈದು ವರ್ಷಗಳಿಂದ ಹೊತ್ತುಕೊಂಡು ತಿರುಗುತ್ತಿರುವ ಪ್ರಶ್ನೆ ಇದು. ಮೊದಲು ಆಸ್ಪತ್ರೆಯ ಹೊರಗಿನ ಒಂದು ಸಂಗತಿ ಹೇಳುತ್ತೇನೆ. ಅದು ನಮ್ಮೆಲ್ಲರ ಮನೆಯದೇ ಸಂಗತಿ.

2010ರ ಮೇ 22ರ ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಉಳಿದವರು ಎಂಟು ಮಂದಿ. ಕೊಲ್ಲಿ ದೇಶಗಳಲ್ಲಿರುವ ಮಂಗಳೂರು, ಉಡುಪಿ, ಕಾಸರಗೋಡು ಕಡೆಯವರಲ್ಲಿ ಆ ದಿನ ಯಾರಿಗಾದರೂ ಫೋನ್ ಮಾಡದೆ ಕುಳಿತವರು ಇರಲಿಕ್ಕಿಲ್ಲ. ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ವಿಮಾನದಲ್ಲಿ ಯಾಂತ್ರಿಕ ದೋಷ ಕಾಣಲಿಲ್ಲ. ಕಾಕ್‌ಪಿಟ್‌ನ ಧ್ವನಿಮುದ್ರಣ ಎರಡು ಗಂಟೆಗೆ ಸ್ವಲ್ಪ ಮೇಲ್ಪಟ್ಟದ್ದು. ಅದರಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದ ಮೇಲೂ ಆ ಮಂಪರು ಪೂರ್ತಿ ಹೋಗಿರಲಿಲ್ಲ ಎಂದು ವರದಿ ಅಭಿಪ್ರಾಯಪಟ್ಟಿತು. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿ, ಹೆಚ್ಚು ವೇಗದಲ್ಲಿ ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಕಿರಿಯ ಪೈಲಟ್ ಇಳಿಸುವುದು ಬೇಡ, ಮತ್ತೊಂದು ಸುತ್ತು ಹೋಗೋಣ ಎಂದು ಮೂರು ಸಲ ಹೇಳಿದರು. ಯಂತ್ರವೂ ಎಚ್ಚರಿಸಿತು. ಕ್ಯಾಪ್ಟನ್ ಇಳಿಸಿಯೇ ಇಳಿಸಿದರು.

ಆ ವರದಿಯ ಸಾರಾಂಶ ಓದಿದಾಗ ನನಗೆ ವಿಮಾನ ಕಾಣಲಿಲ್ಲ, ವಾರ್ಡು ಕಂಡಿತು. ನಿದ್ದೆಯಿಂದ ಪೂರ್ತಿ ಎಚ್ಚರವಾಗದ ಹಿರಿಯ. ಸರಿಯಾದದ್ದನ್ನೇ ಹೇಳುತ್ತಿರುವ, ಆದರೆ ಕೇಳಿಸದ ಕಿರಿಯ. ಹಿಂದೆ ನಂಬಿ ಮಲಗಿರುವ ಜನ. ನಮ್ಮ ಆಸ್ಪತ್ರೆಗಳಲ್ಲಿ ಇದು ಪ್ರತಿ ರಾತ್ರಿಯ ಚಿತ್ರ. ಬೀಳುವುದು ಒಬ್ಬೊಬ್ಬರಾಗಿ ಬೀಳುವುದರಿಂದ ಪತ್ರಿಕೆಯಲ್ಲಿ ಬರುವುದಿಲ್ಲ, ಅಷ್ಟೇ.

ಮೊದಲು ನಿದ್ದೆಯ ಮಾತು. 1998ರಲ್ಲಿ ನಾನು ಅಮೆರಿಕಾದ ಒಂದು ನಗರದ ಆಸ್ಪತ್ರೆಯಲ್ಲಿ ರೆಸಿಡೆನ್ಸಿಗೆ ಸೇರಿದೆ. ಮೂರು ದಿನಕ್ಕೊಮ್ಮೆ ರಾತ್ರಿ ಡ್ಯೂಟಿ. ಬೆಳಿಗ್ಗೆ ಆರಕ್ಕೆ ಒಳಹೊಕ್ಕವನು ಮಾರನೆಯ ದಿನ ಸಂಜೆ ಹೊರಬರುತ್ತಿದ್ದೆ. ಅದನ್ನು ಹೆಮ್ಮೆಯಿಂದಲೇ ಮಾಡುತ್ತಿದ್ದೆವು ಎಂಬುದನ್ನು ಒಪ್ಪಿಕೊಳ್ಳಬೇಕು. ಮಲಗಿದವನು ದುರ್ಬಲ ಎಂಬ ಭಾವನೆ. ಒಂದು ಬೆಳಗಿನ ಜಾವ, ನಾನು ಎದ್ದು ಇಪ್ಪತ್ತನಾಲ್ಕು ಗಂಟೆಯಾಗುವ ಹೊತ್ತಿಗೆ, ಒಬ್ಬ ವೃದ್ಧೆಯ ಹೃದಯಕ್ಕೆ ಡಿಗಾಕ್ಸಿನ್ ಬರೆದೆ. ಫಿಲಿಪೀನ್ಸ್‌ನ ಒಬ್ಬ ಹಿರಿಯ ಸಿಸ್ಟರ್ ಆ ಚೀಟಿಯನ್ನು ನನ್ನ ಮುಂದಿಟ್ಟು, ಇದನ್ನು ಒಮ್ಮೆ ಗಟ್ಟಿಯಾಗಿ ಓದುತ್ತೀರಾ ಡಾಕ್ಟರ್ ಎಂದು ಕೇಳಿದರು. ಓದಿದೆ: 0.125. ಇನ್ನೊಮ್ಮೆ ಎಂದರು. ಮತ್ತೆ 0.125 ಎಂದೇ ಓದಿದೆ. ಆಗ ಅವರು ಅಂಕಿಯ ಕೆಳಗೆ ಬೆರಳಿಟ್ಟರು. ಅಲ್ಲಿ ಇದ್ದದ್ದು 1.25. ನನ್ನದೇ ಕೈಬರಹ. ಹತ್ತು ಪಟ್ಟು ಔಷಧಿ! ದಣಿದ ಕಣ್ಣು ಇರುವುದನ್ನು ಓದುವುದಿಲ್ಲ, ಮನಸ್ಸು ಬಯಸಿದ್ದನ್ನು ಓದುತ್ತದೆ.

ಇದು ನನ್ನೊಬ್ಬನ ಅನುಭವವಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಹದಿನೇಳು ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆಯನ್ನು ಅಳೆದರು. ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರಷ್ಟೇ ಅವರೂ ತಡವರಿಸಿದರು. ಇಪ್ಪತ್ತನಾಲ್ಕು ಗಂಟೆಗೆ ಅದು ಸುಮಾರು 0.10. ನಮ್ಮ ದೇಶದಲ್ಲಿ ವಾಹನ ಓಡಿಸಲು ಇರುವ ಮಿತಿ 0.03. ಅಂದರೆ ಬೈಕು ಮುಟ್ಟಬಾರದ ಸ್ಥಿತಿಯಲ್ಲಿರುವವನ ಕೈಗೆ ನಾವು ಸೂಜಿ ಕೊಡುತ್ತಿದ್ದೇವೆ. 2004ರಲ್ಲಿ ಬಾಸ್ಟನ್ನಿನ ತೀವ್ರ ನಿಗಾ ಘಟಕಗಳಲ್ಲಿ ಕಿರಿಯ ವೈದ್ಯರ ಎರಡು ರೀತಿಯ ಪಾಳಿಗಳನ್ನು ಹೋಲಿಸಿ ನೋಡಿದರು. ಹಳೆಯ ಪದ್ಧತಿಯ ಉದ್ದನೆಯ ಪಾಳಿಯಲ್ಲಿ ಗಂಭೀರ ತಪ್ಪುಗಳು ಶೇಕಡಾ 36ರಷ್ಟು ಹೆಚ್ಚು.

ಇಷ್ಟು ತಿಳಿಯಲು ಒಂದು ಹುಡುಗಿಯ ಸಾವು ಬೇಕಾಯಿತು. 1984ರಲ್ಲಿ ನ್ಯೂಯಾರ್ಕಿನಲ್ಲಿ ಲಿಬ್ಬಿ ಜಯಾನ್ ಎಂಬ ಹದಿನೆಂಟರ ಹುಡುಗಿ ಜ್ವರವೆಂದು ಆಸ್ಪತ್ರೆ ಸೇರಿ ಬೆಳಗಾಗುವುದರೊಳಗೆ ತೀರಿಕೊಂಡಳು. ಆಕೆ ಮೊದಲೇ ತೆಗೆದುಕೊಳ್ಳುತ್ತಿದ್ದ ಮಾತ್ರೆಯ ಜೊತೆ ಸೇರಬಾರದ ಚುಚ್ಚುಮದ್ದನ್ನು ಕೊಟ್ಟಿದ್ದರು. ನೋಡಿಕೊಂಡವರು ರಾತ್ರಿಯಿಡೀ ಹತ್ತಾರು ರೋಗಿಗಳ ನಡುವೆ ಓಡುತ್ತಿದ್ದ ಕಿರಿಯ ವೈದ್ಯರು. ಆಕೆಯ ತಂದೆ ಪತ್ರಕರ್ತ, ಸುಮ್ಮನಿರಲಿಲ್ಲ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. ಅದು ಇಡೀ ಅಮೆರಿಕಾಕ್ಕೆ ಬಂದದ್ದು 2003ರಲ್ಲಿ, ನಾನು ತರಬೇತಿ ಮುಗಿಸಿ ಹೊರಬಿದ್ದ ಮೇಲೆ. ನಮ್ಮ ಭಾರತ ಸರ್ಕಾರದ 1992ರ ರೆಸಿಡೆನ್ಸಿ ಆದೇಶದಲ್ಲಿ ವಾರಕ್ಕೆ 48 ಗಂಟೆ ಎಂದೇ ಇದೆ. ಕಾಗದದ ಮೇಲೆ ನಾವು ಅಮೆರಿಕಾಕ್ಕಿಂತ ಮುಂದು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. 48 ಎಂದು ಬರೆದ ಮೂವತ್ತೆರಡು ವರ್ಷಗಳ ಮೇಲೆ 74ಕ್ಕಾದರೂ ಇಳಿಯಲಿ ಎಂದು ಕೇಳಬೇಕಾದರೆ ನಡೆಯುತ್ತಿರುವುದು ಎಷ್ಟಿರಬೇಕು, ನೀವೇ ಊಹಿಸಿ. ಅದೇ 2024ರ ಆಗಸ್ಟ್‌ನಲ್ಲಿ ಕೊಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಡ್ಯೂಟಿಯ ನಡುವೆ ಸ್ವಲ್ಪ ಮಲಗಲೆಂದು ಸೆಮಿನಾರ್ ಕೋಣೆಗೆ ಹೋದ ವೈದ್ಯೆಗೆ ಆದದ್ದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ. ಚಿಲಕವಿರುವ ಒಂದು ಕೋಣೆ, ಒಂದು ಹಾಸಿಗೆ, ಇದೂ ಚಿಕಿತ್ಸೆಯ ಸಲಕರಣೆಯೇ ಎಂದು ಆ ಮೇಲೆ ದೇಶಕ್ಕೆಲ್ಲ ಹೊಳೆಯಿತು.

ಬಹ್ರೈನ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ 2007ರಿಂದ ಇದೆ. ಜುಲೈ, ಆಗಸ್ಟ್ ಎಂದು ಇದ್ದದ್ದನ್ನು 2025ರಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ವಿಸ್ತರಿಸಿದರು. ಈ ನಿಯಮದಲ್ಲಿ ನನಗೆ ಬಹಳ ಹಿಡಿಸಿದ ಅಂಶ ಒಂದಿದೆ. ಕೂಲಿಯವನು "ನನಗೇನೂ ಆಗುವುದಿಲ್ಲ ಸಾರ್, ಬಿಸಿಲು ಅಭ್ಯಾಸ" ಎಂದರೂ ಮೇಸ್ತ್ರಿ ಅವನನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಅವನ ಒಪ್ಪಿಗೆ ಅಲ್ಲಿ ಲೆಕ್ಕಕ್ಕಿಲ್ಲ. ಬಿಸಿಲು ಹೊಡೆಯುವುದು ಒಪ್ಪಿಗೆ ಕೇಳಿ ಅಲ್ಲವಲ್ಲ. ದಣಿದ ವೈದ್ಯನ "ನಾನು ಚೆನ್ನಾಗಿದ್ದೇನೆ" ಎಂಬ ಮಾತಿಗೆ ಅಷ್ಟೂ ಬೆಲೆ ಇಲ್ಲ. ಕುಡಿದವನೂ ಹಾಗೆಯೇ ಹೇಳುತ್ತಾನೆ. ಅಲ್ಲದೆ ಕೂಲಿಯವನ ಬಿಸಿಲು ಅವನ ತಲೆಯ ಮೇಲೆಯೇ ಬೀಳುತ್ತದೆ. ವೈದ್ಯನ ನಿದ್ದೆಗೇಡು ಬೀಳುವುದು ಹಾಸಿಗೆಯಲ್ಲಿರುವವನ ಮೇಲೆ. ಆದ್ದರಿಂದ ನನ್ನ ನಿದ್ದೆಯನ್ನು ತ್ಯಾಗ ಮಾಡುವ ಅಧಿಕಾರ ನನಗಿದೆ ಎಂದು ಈಗ ನನಗೆ ಅನಿಸುವುದಿಲ್ಲ. ಅದು ರೋಗಿಯ ಸ್ವತ್ತು, ನನ್ನ ಬಳಿ ಇಟ್ಟದ್ದು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನಗೂ ಸುಖವಾಗಿತ್ತು: ತಪ್ಪೆಲ್ಲ ಗಂಟೆಗಳದು, ರೋಸ್ಟರ್ ಬರೆದವರದು. ಆದರೆ ಹಾಗಿಲ್ಲ. 2016ರಲ್ಲಿ ಅಮೆರಿಕಾದ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ವಾರದ 80 ಗಂಟೆ ಹಾಗೇ ಇಟ್ಟುಕೊಂಡು ಒಂದೊಂದು ಪಾಳಿಯ ಉದ್ದವನ್ನು ಮಾತ್ರ ಸಡಿಲಿಸಿ ನೋಡಿದರು. ರೋಗಿಗಳ ಸಾವು, ತೊಡಕು ಹೆಚ್ಚಲಿಲ್ಲ. ಕಾರಣವೂ ಇದೆ. ಪಾಳಿ ಚಿಕ್ಕದಾದಷ್ಟೂ ರೋಗಿ ಕೈಯಿಂದ ಕೈಗೆ ಹೋಗುವುದು ಹೆಚ್ಚು. ಮದುವೆಮನೆಯ ಅಡಿಗೆಯನ್ನು ನಡುವೆ ಬಿಟ್ಟು ಹೋಗುವ ಭಟ್ಟರು ಸಾರಿಗೆ ಉಪ್ಪು ಹಾಕಿದ್ದೇನೆಯೇ ಇಲ್ಲವೇ ಎಂದು ಹೇಳಿಹೋಗದಿದ್ದರೆ ಏನಾಗುತ್ತದೋ ಅದೇ. ಹೀಗೆ ಒಪ್ಪಿಸುವ ಕ್ರಮವನ್ನೇ ಸರಿಪಡಿಸಿದ ಒಂಬತ್ತು ಆಸ್ಪತ್ರೆಗಳ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ರೋಗಿಯ ಸ್ಥಿತಿ, ಮಾಡಬೇಕಾದದ್ದು, ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಕ್ರಮವಾಗಿ ಹೇಳಿ, ಕೇಳಿದವನಿಂದ ಮತ್ತೆ ಹೇಳಿಸುವುದು. ಅಷ್ಟರಿಂದ ತಪ್ಪುಗಳು ಶೇಕಡಾ 23ರಷ್ಟು ಇಳಿದವು.

ಅಂದರೆ ನಿದ್ದೆಯ ಜೊತೆಗೆ ಮಾತೂ ಬೇಕು. ಬಜಪೆಯಲ್ಲಿ ಮೂರು ಸಲ ಹೇಳಿದ ಕಿರಿಯನ ಮಾತು. ಇಲ್ಲಿ ನನ್ನದೇ ಒಂದು ಸಂಗತಿ ಹೇಳಬೇಕು. ಆಸ್ಪತ್ರೆಯ ಹೆಸರು ಬೇಡ, ಯಾವ ದೇಶ ಎಂಬುದೂ ಬೇಡ.

ನಾನಾಗ ಹೊಸದಾಗಿ ಕನ್ಸಲ್ಟೆಂಟ್ ಆಗಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ವಾರ್ಡಿನಿಂದ ಫೋನ್ ಬಂತು. ರೋಗಿಗೆ ಮಲಬದ್ಧತೆ, ಏನು ಕೊಡಲಿ ಎಂದು ಹೊಸ ಸಿಸ್ಟರ್ ಕೇಳಿದಳು. ನಾನು ಬೈದೆ. ಚೆನ್ನಾಗಿಯೇ ಬೈದೆ. ಆ ರಾತ್ರಿ ನಾನು ದಣಿದಿರಲೂ ಇಲ್ಲ, ಹತ್ತಕ್ಕೇ ಮಲಗಿದ್ದೆ. ಬೈಸಿಕೊಂಡವಳು ಒಬ್ಬಳು, ಹೆದರಿದವರು ಇಡೀ ವಾರ್ಡಿನವರು. ಮೂರು ವಾರದ ನಂತರ ಕಾಲಿಗೆ ಕೀವಾಗಿ ಸೇರಿದ್ದ ಒಬ್ಬ ಕಟ್ಟಡ ಕಾರ್ಮಿಕ, ಸಕ್ಕರೆ ಕಾಯಿಲೆಯವನು, ರಾತ್ರಿ ಉಸಿರು ಜೋರಾಗಿ, ಮಾತು ತೊದಲತೊಡಗಿದ. ಆ ದಿನದ ಸಿಸ್ಟರ್ ಬೇರೆಯವಳು, ಅನುಭವಿ. ಎರಡು ಗಂಟೆಗೆ ಗಮನಿಸಿದಳು. ಫೋನ್ ಮಾಡಿದ್ದು ಐದಕ್ಕೆ. ನಂಜು ರಕ್ತಕ್ಕೆ ಏರಿತ್ತು. ಅವನು ಬದುಕಿದ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಮೂರು ಗಂಟೆ ಮೊದಲು ನೋಡಿದ್ದರೆ ಕಾಲು ಉಳಿಯುತ್ತಿತ್ತೇ? ಉಳಿಯುತ್ತಿರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಆಕೆಯನ್ನು ಕೇಳಿದೆ, ಎರಡಕ್ಕೇ ಯಾಕೆ ಹೇಳಲಿಲ್ಲ ಎಂದು. "ಅನುಮಾನ ಇತ್ತು ಸರ್, ಖಾತ್ರಿ ಇರಲಿಲ್ಲ. ನಿಮ್ಮನ್ನು ಎಬ್ಬಿಸಬೇಕೋ ಬೇಡವೋ ಅಂತ..." ಅಷ್ಟಕ್ಕೇ ನಿಲ್ಲಿಸಿದಳು. ವಿಚಾರಣೆಯಾಗಿ, ತಡ ಮಾಡಿದ್ದಕ್ಕೆ ಆಕೆಗೆ ಮೆಮೊ ಕೊಟ್ಟರು. ಮೇಜಿನ ಈ ಕಡೆ ನಾನೂ ಕುಳಿತಿದ್ದೆ, ಬಾಯಿ ಬಿಡಲಿಲ್ಲ. ತಿಂಗಳ ನಂತರ ಮನಸ್ಸು ತಡೆಯದೆ ಮೇಲಿನವರ ಬಳಿ ಹೋಗಿ ನಡೆದದ್ದನ್ನು ಹೇಳಿದೆ. "ಆ ಫೈಲು ಮುಚ್ಚಿದ್ದೇವೆ ಡಾಕ್ಟ್ರೇ" ಎಂದರು. ಆಕೆ ಮರುವರ್ಷ ಊರಿಗೆ ಹೋದಳು.

ದಣಿದ ಕೈಯ ತಪ್ಪು ಯಾರದು ಎಂದು ಕೇಳಿದೆನಲ್ಲ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 2011ರಲ್ಲಿ ಆರು ವರ್ಷದ ಒಬ್ಬ ಹುಡುಗ ಇಂಥದೇ ನಂಜಿನಿಂದ ತೀರಿಕೊಂಡ. ನೋಡಿಕೊಂಡ ವೈದ್ಯೆ ಹದೀಜಾ ಬಾವಾ-ಗಾರ್ಬಾ ಹೆರಿಗೆ ರಜೆಯಿಂದ ಆಗಷ್ಟೇ ಕೆಲಸಕ್ಕೆ ಮರಳಿದ್ದವರು. ಆ ದಿನ ಕಂಪ್ಯೂಟರ್ ಕೆಟ್ಟು ಲ್ಯಾಬಿನ ಫಲಿತಾಂಶ ತಡವಾಗಿತ್ತು, ಜನ ಕಡಿಮೆಯಿದ್ದು ಇತರರ ಕೆಲಸವೂ ಅವರ ತಲೆಗೆ ಬಂದಿತ್ತು. ಆಕೆಯ ಕೈಯಲ್ಲಿ ತಪ್ಪುಗಳೂ ಆದವು. 2015ರಲ್ಲಿ ಆಕೆಗೂ ಒಬ್ಬ ನರ್ಸಿಗೂ ನರಹತ್ಯೆಯ ಅಪರಾಧ ಸಾಬೀತಾಯಿತು. 2018ರ ಜನವರಿಯಲ್ಲಿ ವೈದ್ಯರ ಪಟ್ಟಿಯಿಂದ ಆಕೆಯ ಹೆಸರು ಹೊಡೆದರು, ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಆಗ ವೈದ್ಯರೆಲ್ಲ ವ್ಯವಸ್ಥೆಯ ತಪ್ಪು, ವ್ಯವಸ್ಥೆಯ ತಪ್ಪು ಎಂದು ಕೂಗಿದರು. ನಾನೂ ಕೂಗಿದೆ, ಅದು ನ್ಯಾಯವೂ ಆಗಿತ್ತು. ಆದರೆ ಮಗ ಹೋದ ತಾಯಿಯ ಎದುರು ನಿಂತು "ವ್ಯವಸ್ಥೆ" ಎಂಬ ಪದ ಹೇಳಿ ನೋಡಿ, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಏಕೆಂದರೆ ವ್ಯವಸ್ಥೆ ಎಂದರೆ ಯಾರು? ನನ್ನ ವಾರ್ಡಿನಲ್ಲಿ ಆ ಸಿಸ್ಟರಿನ ಪಾಲಿಗೆ ವ್ಯವಸ್ಥೆ ಎಂದರೆ ನಾನೇ ಆಗಿದ್ದೆ. ದಣಿದವನ ತಪ್ಪಿನಲ್ಲಿ ದಣಿಸಿದವನಿಗೆ ಪಾಲಿದೆ, ಹೆದರಿದವಳ ತಪ್ಪಿನಲ್ಲಿ ಹೆದರಿಸಿದವನಿಗೆ ಪಾಲಿದೆ. ನಾವು ಮೇಲೆ ಏರುತ್ತ ಹೋದಂತೆ ನಮ್ಮ ತಪ್ಪುಗಳು ಬೇರೆಯವರ ಕೈಯಲ್ಲಿ ಆಗತೊಡಗುತ್ತವೆ. ಮೆಮೊ ಮಾತ್ರ ಕೆಳಗೇ ಉಳಿಯುತ್ತದೆ.

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದ ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ, ಅಂದರೆ ಇಂದಿನ ನಮ್ಮ ಸಿಸ್ಟರಿಗೆ, ಅಲ್ಲಿ ಒಂದು ಇಡೀ ಕಾಲು! ಆಸ್ಪತ್ರೆಯ ಬೋರ್ಡಿನ ಮೇಲೆ ಯಾರ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿದೆ ಎಂದು ನೋಡಿದರೆ ನಾವು ಆ ಕಾಲನ್ನು ಎಷ್ಟು ಮೋಟು ಮಾಡಿದ್ದೇವೆ ಎಂದು ತಿಳಿಯುತ್ತದೆ. ಅದೇ ಗ್ರಂಥದಲ್ಲಿ ಶರೀರವನ್ನು ಹೊತ್ತು ನಿಲ್ಲಿಸುವ ಮೂರು ಆಧಾರಗಳಲ್ಲಿ ನಿದ್ದೆಯೂ ಒಂದು ಎಂದಿದೆ. ರೋಗಿಗೆ ಈ ಮಾತನ್ನು ನಾವು ದಿನವೂ ಹೇಳುತ್ತೇವೆ. ಇನ್ನೆರಡು ಕಾಲುಗಳಿಗೂ ಅದು ಅನ್ವಯಿಸುತ್ತದೆಂದು ಆಸ್ಪತ್ರೆಗಳಿಗೆ ಹೊಳೆಯಲು ಇಷ್ಟು ಶತಮಾನ ಬೇಕಾಯಿತು.

ಬದಲಾವಣೆ ದೊಡ್ಡ ಖರ್ಚಿನದೇ ಆಗಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು ಒಂದು ಪುಟದ ಪಟ್ಟಿ ಕೊಟ್ಟಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಪ್ರಯೋಗಿಸಿದಾಗ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಅದರಲ್ಲಿ ಕತ್ತಿ ಹಾಕುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಎಂದಿದೆ. ಮೊದಲು ನನಗೆ ಇದು ಶಾಲೆಯ ಹಾಜರಿಯಂತೆ ಕಂಡಿತ್ತು. ಆಮೇಲೆ ಅರ್ಥವಾಯಿತು: ಒಮ್ಮೆ ಬಾಯಿ ತೆರೆದು ತನ್ನ ಹೆಸರು ಹೇಳಿದವಳು ಎರಡನೆಯ ಸಲ "ಸರ್, ಅದು ಎಡಗಾಲು" ಎಂದು ಹೇಳಬಲ್ಲಳು.

ಸದಸ್ಯ ಬಂಧುಗಳಲ್ಲಿಯೂ ಒಂದು ಮಾತು. ನಮ್ಮವರು ಯಾರಾದರೂ ಆಸ್ಪತ್ರೆ ಸೇರಿದರೆ ನಾವು ಹದಿನೈದು ಮಂದಿ ಹಣ್ಣಿನ ಬುಟ್ಟಿ ಹಿಡಿದು ಹೋಗುತ್ತೇವೆ, ಒಳ್ಳೆಯದೇ. ಆದರೆ ವೈದ್ಯರ ಮುಂದೆ ಕೈಕಟ್ಟಿ ನಿಂತು, ಅವರು ಹೋದ ಮೇಲೆ ಸಿಸ್ಟರಿನ ಮೇಲೆ ಏರಿಹೋಗುವ ನಮ್ಮ ಅಭ್ಯಾಸವಿದೆಯಲ್ಲ, ಅದೂ ಹೆದರಿಸುವುದೇ. ಕರ್ನಾಟಕದಲ್ಲಿ ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆಯ ವಿರುದ್ಧ 2009ರಲ್ಲಿ ಕಾನೂನೇ ಬಂದಿದೆ, ಮೂರು ವರ್ಷದವರೆಗೆ ಜೈಲು. ಹೊಡೆಯುವವರಿಗೆ ಕಾನೂನು ಸಾಕು, ಗದರಿಸುವವರಿಗೆ ಇಲ್ಲ. ಔಷಧಿ ಅಳೆಯುತ್ತಿರುವ ಸಿಸ್ಟರನ್ನು ನಡುವೆ ಕರೆಯದಿರುವುದು ಹಣ್ಣಿನ ಬುಟ್ಟಿಗಿಂತ ರೋಗಿಗೆ ಹೆಚ್ಚು ಉಪಕಾರ.

ಈಗ ನನ್ನ ವಾರ್ಡಿಗೆ ಹೊಸಬರು ಬಂದರೆ ಮೊದಲ ದಿನವೇ ಹೇಳಿಬಿಡುತ್ತೇನೆ: ಅನುಮಾನ ಬಂದರೆ ಸಾಕು, ಖಾತ್ರಿ ಬೇಡ, ಫೋನ್ ಮಾಡಿ. ಮಾಡಿದಾಗ ನನ್ನ ಮೊದಲ ಮಾತು "ಫೋನ್ ಮಾಡಿದ್ದು ಒಳ್ಳೆಯದಾಯಿತು" ಎಂದೇ ಇರಬೇಕೆಂದು ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೇನೆ. ಅರ್ಧ ನಿದ್ದೆಯಲ್ಲಿ ಆ ವಾಕ್ಯ ನಾಲಿಗೆಗೆ ಬರಲು ಎರಡು ವರ್ಷ ಹಿಡಿಯಿತು. ನನ್ನ ಹೆಂಡತಿ ಅದನ್ನು ಅಣಕಿಸಿ ಹೇಳಿ ತೋರಿಸುತ್ತಾಳೆ.

ಕಳೆದ ವಾರ ಮೂರು ಗಂಟೆ ಹತ್ತು ನಿಮಿಷಕ್ಕೆ ಫೋನ್ ಬಂತು. ಕಾರ್ಕಳದ ಕಡೆಯ ಹುಡುಗಿ, ಸೇರಿ ಎರಡು ತಿಂಗಳು. ರೋಗಿಯ ಉಸಿರು ಸ್ವಲ್ಪ ಜೋರಾಗಿದೆ ಅನಿಸುತ್ತದೆ ಎಂದಳು. ಹೇಳಬೇಕಾದ ವಾಕ್ಯ ಹೇಳಿ, ಎದ್ದು ಹೋಗಿ ನೋಡಿದೆ. ಏನೂ ಇರಲಿಲ್ಲ, ಮುದುಕರಿಗೆ ಕೆಟ್ಟ ಕನಸು ಬಿದ್ದಿತ್ತು. "ಸುಮ್ಮನೆ ಬರಿಸಿದೆ, ಸಾರಿ ಸರ್" ಎಂದು ಆಕೆ ಕೈ ಹಿಸುಕಿಕೊಂಡಳು. ನಾಳೆಯೂ ಮಾಡಮ್ಮ ಎಂದೆ. ಮನೆಗೆ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಇದ್ದ ಎಂಡೋಸ್ಕೋಪಿಯನ್ನು ಸಹೋದ್ಯೋಗಿಗೆ ಒಪ್ಪಿಸಿದೆ, ನಾಲ್ಕು ಸಾಲು ಬರೆದು, ಓದಿಸಿ ಕೇಳಿ. ಅವರು ಬೇಸರಪಟ್ಟುಕೊಂಡರು. ಏಳೂವರೆಗೆ ವ್ಯಾನು ಬಂತು.